ಎಣಿಸಬಾರದ ಮೊಳೆ

ನಮ್ಮ ಪಕ್ಕದ ಮನೆಯ ದುರ್ಗವ್ವ ಇಪ್ಪತ್ತೈದು ವರ್ಷಗಳಲ್ಲಿ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವಳಲ್ಲ. ಊಟ ಮುಗಿದ ಮೇಲೆ ಸಣ್ಣ ತಂಬಿಗೆಯಲ್ಲಿ ಹಾಲು ಹಾಕಿಕೊಂಡು, ಅದಕ್ಕೆ ಸೆರಗು ಮುಚ್ಚಿ, ನಿಡಗುಂದಿ ಕಡೆಯ ಹಿನ್ನೀರಿನ ದಂಡೆಗೆ ನಡೆದು ಹೋಗುತ್ತಿದ್ದಳು. ನೀರಿಗೆ ಹಾಲು ಬಿಟ್ಟು ಸುಮ್ಮನೆ ತಿರುಗಿ ಬರುತ್ತಿದ್ದಳು. ಯಾರಾದರೂ ಕೇಳಿದರೆ "ಹೊಳೀಗೆ" ಎನ್ನುತ್ತಿದ್ದಳು. ನನ್ನೆದುರು ಅದನ್ನೂ ಹೇಳುತ್ತಿರಲಿಲ್ಲ. ನಾನೂ ಆ ಹಿನ್ನೀರಿನಲ್ಲಿ ಮುಳುಗಿದ ಅವಳ ಊರಿನವಳೇ. ಹಾಲು ಯಾರಿಗೆಂದು ನನಗೆ ಗೊತ್ತಿತ್ತು.

ಆ ಊರಿನಲ್ಲಿ ಅವರ ಮನೆತನದ್ದೊಂದು ಪದ್ಧತಿ ಇತ್ತು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರಮಾವ ಬಂದು ಹೊಸ್ತಿಲಿಗೆ ಒಂದು ಹಿತ್ತಾಳೆ ಮೊಳೆ ಬಡಿಯಬೇಕು. ಕೂಸು ಉಳಿಯದೆ ಹೋದರೂ ಆ ಮೊಳೆ ಕೀಳುವಂತಿಲ್ಲ. ಬಾಯಿಬಿಟ್ಟು ಎಣಿಸುವಂತೆಯೂ ಇಲ್ಲ. ಎಣಿಸಿದರೆ ಯಾರೋ ಕರೆದರೆಂದು ತಿಳಿದು ತೀರಿದ ಕೂಸು ಎದ್ದು ಬರುತ್ತದೆ, ಬಂದರೆ ಎತ್ತಿಕೊಳ್ಳಲು ಯಾರ ಕೈಗೂ ಸಿಗುವುದಿಲ್ಲ, ಅಳುತ್ತ ತಿರುಗುತ್ತದೆ ಎಂದು ದುರ್ಗವ್ವನ ಅತ್ತೆ ಹೇಳುತ್ತಿದ್ದಳು.

ಅವರ ಹೊಸ್ತಿಲಲ್ಲಿ ನಾಲ್ಕು ಮೊಳೆಗಳಿದ್ದವು. ಮೊದಲನೆಯದು ಪುತಳಾಳದು. ಮೂರು ವರ್ಷದವಳಿದ್ದಾಗ ಹಿತ್ತಲ ಬಾವಿಗೆ ಬಿದ್ದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆಮೇಲೆ ಧರ್ಮರಾಜ ಹುಟ್ಟಿದ, ಅವನ ಹಿಂದೆ ಇಬ್ಬರು ಹೆಣ್ಣುಮಕ್ಕಳು. ಅವರು ದೊಡ್ಡವರಾಗಿ ಕೇಳಿದಾಗ, ಒಂದು ಮೊಳೆ ಮನೆಯದು ಎಂದು ದುರ್ಗವ್ವ ಮಾತು ಮುಗಿಸಿದಳು. ಊರಿನವರೂ ಸುಮ್ಮನಿದ್ದರು.

ಹಿನ್ನೀರು ಬರುತ್ತದೆಂದು ಊರು ಬಿಡುವಾಗ ಎಲ್ಲರೂ ಬಾಗಿಲು, ಕಂಬ, ತೊಲೆ ಕಿತ್ತುಕೊಂಡು ಬಂದೆವು. ದುರ್ಗವ್ವ ಮಾತ್ರ ತಲಬಾಗಿಲಿನ ಚೌಕಟ್ಟು ಮುಟ್ಟಗೊಡಲಿಲ್ಲ.

"ಕೂಸು ಇಲ್ಲೇ ಐತಿ, ಹೊಸ್ತಿಲಾನೂ ಇಲ್ಲೇ ಇರಲಿ. ನೀರು ಬಂದ್ರ ಎರಡಕ್ಕೂ ಕೂಡೇ ಬರ್ಲಿ" ಎಂದಳು. ಗಂಡ ಅಪ್ಪಾಸಾಬ ಹೂಂ ಎಂದ.

ಪುತಳಾ ತನ್ನ ಹೊಸ್ತಿಲಿನ ಹತ್ತಿರವೇ ಇದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ ಅವಳು ಈ ಹೊಸ ಊರಿನಲ್ಲಿ ಬಾಳುವೆ ಕಟ್ಟಿದಳು. ಉಳ್ಳಾಗಡ್ಡಿ ಹೊಲಗಳಲ್ಲಿ ಕೂಲಿ ಮಾಡಿ ಧರ್ಮರಾಜನನ್ನು ಮಾಸ್ತರನನ್ನಾಗಿ ಮಾಡಿದಳು. ಒಬ್ಬ ಮಗಳನ್ನು ಇಂಡಿಗೆ, ಇನ್ನೊಬ್ಬಳನ್ನು ಸಿಂದಗಿಗೆ ಕೊಟ್ಟಳು. ಹೊಲದಲ್ಲಿ ಸಾಲು ಹಿಡಿದು ಕೂತವರನ್ನು ನಗಿಸಿ ನಗಿಸಿ ಹೊಟ್ಟೆ ನೋಯಿಸುವವಳು ಅವಳೇ. ಅಮಾವಾಸ್ಯೆಯ ದಿನ ಮಾತ್ರ ಮಾತು ಕಡಿಮೆ.

ಈ ಬೇಸಿಗೆ ರಜೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳು ತಮ್ಮ ಮಕ್ಕಳೊಂದಿಗೆ ತವರಿಗೆ ಬಂದಿದ್ದರು. ಮುದ್ದೇಬಿಹಾಳದಲ್ಲಿ ನೌಕರಿ ಮಾಡುವ ಧರ್ಮರಾಜನೂ ಹೆಂಡತಿ, ಮಗಳು ಸಾಕ್ಷಿಯನ್ನು ಕರೆದುಕೊಂಡು ಬಂದಿದ್ದ. ಬಾಗೇವಾಡಿ ರಸ್ತೆಯಲ್ಲಿ ಮಕ್ಕಳಿಗೆಂದು ಹೊಸ ಮ್ಯೂಸಿಯಂ ಆಗಿದೆ, ಅಲ್ಲಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬಹುದು ಎಂದು ಒಂದು ಟೆಂಪೋ ಮಾಡಿ ಮನೆಮಂದಿಯನ್ನೆಲ್ಲ ಹೊರಡಿಸಿದ. ನನ್ನನ್ನೂ ಬಿಡಲಿಲ್ಲ.

ಅಲ್ಲಿ ಚಕ್ರ ತಿರುಗಿಸಿದರೆ ದೀಪ ಹತ್ತುತ್ತದೆ. ಒಂದು ಕನ್ನಡಿಯ ಮುಂದೆ ನಿಂತರೆ ಗಿಡ್ಡನೆಯವರು ತೆಂಗಿನಮರದಷ್ಟು ಎತ್ತರ ಕಾಣುತ್ತಾರೆ. ಅಪ್ಪಾಸಾಬ ಅದರ ಮುಂದೆ ಮೀಸೆ ತಿರುವಿದ.

"ಏನ್ರಿ, ನನ್ನ ನೋಡಾಕ ಬಂದಾಗ ಈ ಕನ್ನಡಿ ಹೊತಗೊಂಡ ಬಂದಿದ್ರೇನು? ಲಗ್ನದಾಗ ನೋಡಿದ್ರ ನನ್ನ ಹೆಗಲಿಗೆ ಬಂದ್ರಿ" ಎಂದಳು ದುರ್ಗವ್ವ. ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಕ್ಕರು.

ಗೋಡೆಗುಂಟ ಒಂದು ಉದ್ದನೆಯ ಕೊಳವೆ ಇತ್ತು. ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯಲ್ಲಿ ಕೇಳುತ್ತದೆ. ಮೊಮ್ಮಕ್ಕಳು ಮುಗಿಸಿ ಓಡಿದ ಮೇಲೆ ದುರ್ಗವ್ವ ಕಿವಿಯಿಟ್ಟಳು. ಆ ಕಡೆ ಯಾರೂ ಇರಲಿಲ್ಲ.

"ಯಕ್ಕಾ, ಇದರಾಗ ನೀರಿನ ಸಪ್ಪಳ ಬರಾಕತ್ತೈತಿ" ಎಂದು ನನ್ನನ್ನು ಕರೆದಳು. ನಾನೂ ಕೇಳಿದೆ. ಗಾಳಿ ಇರಬೇಕು.

ಒಳಗಿನ ಕೋಣೆಯಲ್ಲಿ ಹಳೆಯ ಕಾಲದ ಮನೆಯೊಂದನ್ನು ಕಟ್ಟಿದ್ದರು. ಮಕ್ಕಳು ಬೀಸಬಹುದು, ಕುಟ್ಟಬಹುದು. ಎಲ್ಲರಿಗಿಂತ ಮುಂದೆ ಹೊರಟಿದ್ದ ದುರ್ಗವ್ವ ಬಾಗಿಲ ಹತ್ತಿರ ಕಾಲೆತ್ತಿದವಳು ಹಾಗೆಯೇ ಹಿಂದಕ್ಕಿಟ್ಟಳು. ಅಪ್ಪಾಸಾಬ ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದ. ನಾನು ಕೆಳಗೆ ನೋಡಿದೆ. ಹೊಸ್ತಿಲಿನ ಬಲಗಡೆ ಸಾಲಾಗಿ ನಾಲ್ಕು ಹಿತ್ತಾಳೆ ಮೊಳೆ. ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು.

ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ ಬಿಳಿಗಡ್ಡದ ಮನುಷ್ಯ ಎದ್ದು ಬಂದ.

"ಅಪ್ಪಾಸಾಬಣ್ಣಾರ ಅಲ್ರೀ? ಗುರ್ತಾ ಸಿಗಲಿಲ್ಲೇನ್ರೀ? ಬಡಿಗ ಶಮಶುದ್ದೀನ. ನೋಡ್ರಿ, ನಿಮ್ಮ ಬಾಗಲಾ ಹೆಂಗ ಇಟ್ಟೇನಿ. ನೀವು ಹೇಳಿದಂಗ ಒಂದ ಹನಿ ನೀರು ತಾಗಿಸಿಲ್ಲ. ಈ ಮ್ಯೂಸಿಯಂನವರು ಕೇಳಿದಾಗ, ಬಾಗಲಾ ಕೊಡ್ತೇನಿ, ಆದ್ರ ಕಾಯಾಕ ನಾನೂ ಬರ್ತೇನಿ ಅಂದೆ."

"ಇದು ನಮ್ಮ ಮನೀದಾ?" ಸಾಕ್ಷಿ ಕುಣಿದಳು. ಹೊಸ್ತಿಲ ಮೇಲಿನ ಫಲಕವನ್ನು ಗಟ್ಟಿಯಾಗಿ ಓದಿದಳು: ಈ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದ್ದರು? ಮೊಳೆ ಎಣಿಸಿ, ಅಂಕಿ ಒತ್ತಿರಿ.

"ನಾ ಯಾಕ ಎಣಸ್ಲಿ? ನನಗ ಗೊತ್ತೈತಿ. ಅಪ್ಪಾ, ಇಂಡಿ ಅತ್ತಿ, ಸಿಂದಗಿ ಅತ್ತಿ." ಫಲಕದ ಕೆಳಗಿನ ಪೆಟ್ಟಿಗೆಯಲ್ಲಿ ಮೂರನ್ನು ಒತ್ತಿದಳು. ಕೆಂಪು ದೀಪ ಹತ್ತಿತು. "ಮಷೀನ ಕೆಟ್ಟೈತಿ" ಎಂದು ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಆಗ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೊಳೆಯ ಮೇಲೆ ಬೆರಳಿಟ್ಟಳು.

"ಎಣಸಬ್ಯಾಡ" ಎಂದಳು ದುರ್ಗವ್ವ. ಮಕ್ಕಳ ಗದ್ದಲದಲ್ಲಿ ಅದು ಸಾಕ್ಷಿಗೆ ಕೇಳಲಿಲ್ಲ.

"ಒಂದು, ಎರಡು, ಮೂರು, ನಾಲ್ಕು." ಸಾಕ್ಷಿ ಒತ್ತಿದಳು. ಹಸಿರು ದೀಪ ಹತ್ತಿತು. ಪೆಟ್ಟಿಗೆಯೊಳಗಿಂದ ಪುಟ್ಟ ಹುಡುಗಿಯ ಧ್ವನಿ, "ನಾಲ್ಕು. ಸರಿಯಾಗಿ ಎಣಿಸಿದಿರಿ" ಎಂದಿತು.

ದುರ್ಗವ್ವ ನೆಲಕ್ಕೆ ಕುಳಿತಳು. ಕೂತಲ್ಲಿಂದಲೇ ಶಮಶುದ್ದೀನನನ್ನು ಕೇಳಿದಳು. "ದಿನಾ ಎಷ್ಟ ಮಂದಿ ಎಣಸ್ತಾರ?"

"ಸಾಲಿ ಹುಡುಗೂರು ಬಂದ್ರ ನೂರಕ್ಕ ಕಡಿಮಿ ಇಲ್ರೀ ವೈನಿ. ಎಲ್ಲಾರೂ ಎಣಸ್ತಾರ."

"ಯಾವಾಗಿಂದ?"

"ದೀವಳಿಗಿಯಿಂದ್ರೀ."

ಧರ್ಮರಾಜ ತಾಯಿಯ ಹತ್ತಿರ ಬಗ್ಗಿದ. "ಯಾಕಬೇ, ಏನಾತು? ಒಂದು ಮನೀದು ಅಂತ ನೀನ ಹೇಳಿದ್ದಿ ಅಲ್ಲ?"

"ಮನೀದಲ್ಲಪಾ. ನಿಮ್ಮ ಅಕ್ಕಂದು. ಪುತಳಾ ಅಂತ ಇದ್ಲು."

ಆ ಹೆಸರನ್ನು ಅವಳ ಬಾಯಲ್ಲಿ ನಾನು ನಲವತ್ತು ವರ್ಷಕ್ಕೂ ಹಿಂದೆ ಕೇಳಿದ್ದು. ಮಗ, ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಗಂಡನ ಕಡೆ ತಿರುಗಿದಳು.

"ಇಪ್ಪತ್ತೈದು ವರ್ಷ ನಾ ಹಾಲ ಒಯ್ಯೂದು ನೋಡಿದ್ರಿ. ಹೊಸ್ತಿಲಾ ಅಲ್ಲಿಲ್ಲ ಅನ್ನೂದು ಒಂದ ದಿನ ಹೇಳಲಿಲ್ಲ."

ಅಪ್ಪಾಸಾಬ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬಾವ್ಯಾಗಿಂದ ಮ್ಯಾಲ ತಂದಾಂವ ನಾನು. ಒಮ್ಮೆ ನೀರಾಗ ಹ್ವಾದದ್ದು ಸಾಕಾಗಿತ್ತು. ಮತ್ತ ನೀರಾಗ ಬಿಟ್ಟ ಬರಾಕ ನನ್ನ ಕೈಲೆ ಆಗಲಿಲ್ಲ. ಮಣ್ಣಾಗಿದ್ದಕ್ಕಿ ಅಲ್ಲೇ ಉಳದ್ಲು. ಹೊಸ್ತಿಲಾನರ ಒಣಾ ಜಾಗಾದಾಗ ಇರಲಿ ಅಂತ, ನಿನಗ ಹೇಳದ ಕಿತ್ತಿಸಿ ಇವನ ಕಡೆ ಇಟ್ಟೆ."

ದುರ್ಗವ್ವ ಮೊದಲನೆಯ ಮೊಳೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು. ಬೇರೆ ಯಾರದೋ ಮಕ್ಕಳು ಬಂದರು, ಕೈ ಸರಿಸಿರಿ ಅಜ್ಜಿ ಎಂದರು, ಎಣಿಸಿದರು. ಪೆಟ್ಟಿಗೆ ನಾಲ್ಕು ಎಂದಿತು. ಇನ್ನೊಂದು ಗುಂಪು ಬಂತು. ಮತ್ತೆ ನಾಲ್ಕು. ಪ್ರತಿ ಸಲವೂ ಅವಳು ಬಾಗಿಲ ಆಚೆ ನೋಡುತ್ತಿದ್ದಳು.

ಶಮಶುದ್ದೀನ ಹತ್ತಿರ ಬಂದು, "ಕೀಳಂದ್ರ ಕಿತ್ತ ಕೊಡ್ತೇನ್ರೀ ವೈನಿ, ಸಾಹೇಬರಿಗೆ ನಾ ಹೇಳ್ತೇನಿ" ಎಂದ.

"ಕೀಳಬಾರದೋ" ಎಂದಳು. "ಇನ್ನ ಕಿತ್ತರ ಏನೈತಿ? ಕರದದ್ದು ಕರದಾತು."

ತಿರುಗಿ ಬರುವಾಗ ಟೆಂಪೋ ತುಂಬಿತ್ತು. ಮೊಮ್ಮಕ್ಕಳು ಒಂದರ ತೊಡೆಯ ಮೇಲೊಂದು ಕೂತಿದ್ದವು. ದುರ್ಗವ್ವ ಕಿಟಕಿಗೆ ಒತ್ತಿ ಕೂತು, ನನ್ನ ತೋಳು ಮುಟ್ಟಿ, "ಯಕ್ಕಾ, ಸ್ವಲ್ಪ ಆ ಕಡೆ ಸರಿ" ಎಂದಳು. ಸರಿದೆ. ನಮ್ಮಿಬ್ಬರ ನಡುವೆ ಗೇಣಗಲ ಜಾಗವಾಯಿತು. ಊರು ಬರುವತನಕ ಆ ಜಾಗದಲ್ಲಿ ಅವಳೂ ಕೂರಲಿಲ್ಲ, ನಾನೂ ಕೂರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅವಳು ಹೊಳೆಯ ಕಡೆ ಹೋಗಲಿಲ್ಲ. ಹೊತ್ತು ಇಳಿದ ಮೇಲೆ ನಾನು ಕಸ ಚೆಲ್ಲಲು ಹೊರಗೆ ಬಂದಾಗ ಅವರ ತಲಬಾಗಿಲು ಪೂರಾ ತೆರೆದಿತ್ತು. ಸಿಮೆಂಟಿನ ಹೊಸ್ತಿಲ ಮೇಲೆ ಹಾಲಿನ ತಂಬಿಗೆ. ದುರ್ಗವ್ವ ಒಳಗಡೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅಪ್ಪಾಸಾಬ ಹೊರಗೆ ಕಟ್ಟೆಯ ಮೇಲೆ ನಾಯಿಯ ಹಗ್ಗ ಹಿಡಿದು ಕೂತಿದ್ದ, ಅದು ಹಾಲಿಗೆ ಬಾಯಿ ಹಾಕದಿರಲಿ ಎಂದು.

"ಬಾಗಲಾ ಮುಂದ ಮಾಡವಾ, ಸೊಳ್ಳಿ ಬರ್ತಾವ" ಎಂದೆ.

"ಇರಲಿ ಯಕ್ಕಾ. ಅಷ್ಟ ಸಲ ಕರದಾರ, ಎದ್ದಿರ್ತಾಳ. ಹೊಳೀಗೆ ಹೋದ್ರ ನಾನಿಲ್ಲ, ಆ ಹೊಸ್ತಿಲಿಗೆ ಹೋದ್ರ ಮಂದಿ ಮಕ್ಕಳ ಗದ್ಲ. ಈ ಮನಿ ಅಕಿ ನೋಡೇ ಇಲ್ಲ."

ಅಪ್ಪಾಸಾಬ ನಾಯಿಯ ಹಗ್ಗವನ್ನು ಕಟ್ಟೆಯ ಕಂಬಕ್ಕೆ ಸುತ್ತಿದ. ಎದ್ದು ಹೋಗಿ, ಇನ್ನೂ ಬೆಳಕಿರುವಾಗಲೇ, ಅಂಗಳದ ದೀಪ ಹಾಕಿ ಬಂದು ಕೂತ.