ನಿದ್ದೆ ಬಂದ ಜಾಗಕ್ಕೊಂದು ಗುರುತು

ವ್ಯಾಪಾರದ ಬರವಣಿಗೆ ಎಂದರೆ ಸಾಹಿತ್ಯದವರಿಗೆ ತಾತ್ಸಾರ, ವ್ಯಾಪಾರದವರಿಗೆ ದಂಡದ ಖರ್ಚು. ಇವೆರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಕುಳಿತು, ಹಾಸಿಗೆಯ ಜೊತೆಗೆ ಬರುವ ಕೈಪಿಡಿಯನ್ನೂ ಅಂಗಡಿಗಳಿಗೆ ಹೋಗುವ ತಿಂಗಳ ಪತ್ರವನ್ನೂ ಜನ ಮನಸ್ಸಿಟ್ಟು ಓದುವಂತೆ ಬರೆಯಬಹುದು, ಹಾಗೆ ಬರೆಯುವುದು ಓದುವವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ ಎಂದು ನಂಬಿ ನಡೆದವರು ನಮ್ಮ ಮೇಷ್ಟ್ರು. ಹಾಸಿಗೆ ಕಾರ್ಖಾನೆಯ ಬರವಣಿಗೆ ವಿಭಾಗದ ಮುಖ್ಯಸ್ಥರಾಗಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಬರೆಯಲು ಕಲಿತ ನನಗೆ ನಾಲ್ಕು ಮಾತು ಹೇಳುವ ಅವಕಾಶ ದೊರೆತಿದೆ. ಹೆಚ್ಚು ಹೇಳಿಬಿಡುತ್ತೇನೇನೋ, ಹೇಳಬೇಕಾದದ್ದನ್ನೇ ಬಿಟ್ಟುಬಿಡುತ್ತೇನೇನೋ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ.

ಮೇಷ್ಟ್ರು ಕಾರ್ಖಾನೆಗೆ ಮೊದಲ ಸಲ ಬಂದದ್ದು ಕೆಲಸ ಕೇಳಲು ಅಲ್ಲ, ಜಗಳವಾಡಲು. ಆಗ ಅವರು ಸಂಜೆ ಶಾಲೆಯಲ್ಲಿ, ಹಗಲೆಲ್ಲ ದುಡಿದು ಬರುವ ದೊಡ್ಡವರಿಗೆ ಓದು ಕಲಿಸುತ್ತಿದ್ದರು. ಮದುವೆಯ ಹೊಸತರಲ್ಲಿ ಕೊಂಡ ಹಾಸಿಗೆಯ ಜೊತೆ ಒಂದು ಖಾತರಿ ಪತ್ರ ಬಂತು. ತಿರುಗಿಸಿ ಮುರುಗಿಸಿ ಓದಿದರೂ ಅದರ ತಲೆಬುಡ ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡು ನೇರ ದೊಡ್ಡ ಯಜಮಾನರ ಕೋಣೆಗೆ ಹೋಗಿ, ಇದನ್ನು ಯಾರಿಗಾಗಿ ಬರೆಸಿದ್ದೀರಿ ಎಂದು ಕೇಳಿದರಂತೆ. ವಕೀಲರಿಗಾಗಿ ಎಂದರಂತೆ ಯಜಮಾನರು. "ಹಾಗಾದ್ರೆ ಹಾಸಿಗೇನೂ ಅವರಿಗೇ ಮಾರಿ" ಎಂದು ಮೇಷ್ಟ್ರು ಎದ್ದು ಹೊರಟಾಗ, ಕಾರ್ಖಾನೆಯನ್ನು ಶೂನ್ಯದಿಂದ ಕಟ್ಟಿದ್ದ ಆ ಹಿರಿಯರು ನಕ್ಕು, ಮತ್ತೆ ಕೂರಿಸಿ, ಆ ಪತ್ರವನ್ನು ನೀವೇ ಬರೆದುಕೊಡಿ ಎಂದರು. ಬರೆದುಕೊಟ್ಟರು. ಹಿಂದಿರುಗಿ ಹೋಗಲಿಲ್ಲ.

ಅವರ ಕೆಲಸದ ರೀತಿಯನ್ನು ಕಾಣದವರಿಗೆ ಅದನ್ನು ನಂಬಿಸುವುದು ಕಷ್ಟ. ಕಾರ್ಖಾನೆಯ ಮಹಡಿಯಲ್ಲಿ ಮಾದರಿ ಕೋಣೆ ಎಂಬುದೊಂದಿದೆ. ಗೋಡೆಗೆ ಒರಗಿ ನಿಂತ ಹಾಸಿಗೆಗಳು, ನಡುವೆ ನೆಲದ ಮೇಲೆ ಹಾಸಿದ ಒಂದು, ರಸ್ತೆಯ ಕಡೆಗೆ ತೆರೆಯುವ ಅಗಲವಾದ ಕಿಟಕಿ. ಕೆಳಗೆ ಹತ್ತಿ ಬಿಡಿಸುವ ಯಂತ್ರ ತಿರುಗುತ್ತಿರುವಷ್ಟು ಹೊತ್ತೂ ಎಳೆಹತ್ತಿಯ ಧೂಳು ಮೆಟ್ಟಿಲೇರಿ ಬಂದು, ಆ ಕಿಟಕಿಯ ಬಿಸಿಲಿನಲ್ಲಿ ಕೆಳಗಿಳಿಯಲು ಮನಸ್ಸಿಲ್ಲದಂತೆ ತೇಲುತ್ತಿರುತ್ತದೆ. ಊಟವಾದ ಮೇಲೆ ಮೇಷ್ಟ್ರು ಚಪ್ಪಲಿ ಬಿಟ್ಟು ಆ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗುವರು, ಬರೆದವರು ಪಕ್ಕದ ಮಣೆಯ ಮೇಲೆ ಕುಳಿತು ತಮ್ಮ ಬರಹವನ್ನು ಗಟ್ಟಿಯಾಗಿ ಓದುವರು. ಯಾವ ಮಾತಿನ ಹತ್ತಿರ ಅವರ ರೆಪ್ಪೆ ಮುಚ್ಚಿಕೊಂಡಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ದನಿ ಏರಿಸಿ ಅವರನ್ನು ಎಚ್ಚರಿಸುವಂತಿಲ್ಲ, ಕೆಮ್ಮುವಂತಿಲ್ಲ. ಎದ್ದ ಮೇಲೆ ಅವರ ಮೊದಲ ಪ್ರಶ್ನೆ "ಎಲ್ಲಿ?" ಎಂಬುದಷ್ಟೇ. ಇಡೀ ಕಾರ್ಖಾನೆ ಅವರನ್ನು ತೂಕಡಿಕೆ ಮೇಷ್ಟ್ರು ಎಂದು ಕರೆಯುತ್ತಿತ್ತು. ಅವರಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ಕಾಲೇಜು ಮುಗಿಸಿ ನೇರ ಅಲ್ಲಿಗೆ ಸೇರಿದ ನಾನು ಮೊದಲು ಓದಿದ ಬರಹ "ಗುಣಮಟ್ಟಕ್ಕೆ ಹೆಸರಾದ ನಮ್ಮ ಸಂಸ್ಥೆಯು" ಎಂದು ಶುರುವಾಗುತ್ತಿತ್ತು. ವಾಕ್ಯದಲ್ಲಿ ಕ್ರಿಯಾಪದ ಬರುವಷ್ಟರಲ್ಲಿ ಮೇಷ್ಟ್ರ ಉಸಿರು ಬದಲಾಗಿತ್ತು. ಎದ್ದ ಮೇಲೆ ಅವರು ಬೈಯಲಿಲ್ಲ. ಓದುವವನು ಬೆನ್ನುನೋವು ಹಿಡಿದುಕೊಂಡು ಬಂದಿದ್ದಾನೆ, ನಾವು ಅವನ ಮುಂದೆ ನಮಗೆ ನಾವೇ ಹಾರ ಹಾಕಿಕೊಳ್ಳುತ್ತಿದ್ದೇವೆ, ಅವನು ಏನು ಮಾಡಬೇಕು ಹೇಳು ಎಂದರು. ಮರುದಿನದಿಂದ ನನ್ನನ್ನು ಅಂಗಡಿಯೊಂದರ ಮೂಲೆಯಲ್ಲಿ ಕೂರಿಸಿದರು. ಬರೆಯಬೇಡ, ನೋಡು ಎಂಬುದು ಅಪ್ಪಣೆ. ಬಂದವರು ಹಾಸಿಗೆಯನ್ನು ಮೊದಲು ಅಂಗೈಯಿಂದ ಒತ್ತುತ್ತಾರೆ, ಆಮೇಲೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡುತ್ತಾರೆ, ಮಲಗಿ ನೋಡುವ ಆಸೆಯಿದ್ದರೂ ಅಂಚಿನಲ್ಲಿ ಕುಳಿತೆದ್ದು ಹೋಗುತ್ತಾರೆ ಎಂದು ನಾನು ತಿಳಿದದ್ದು ಅಲ್ಲಿ. ಸುತ್ತಲಿನವರನ್ನು ಸದಾ ಗಮನಿಸುತ್ತ ಕೂರುವ ನನ್ನ ಸ್ವಭಾವವನ್ನು ಮನೆಯಲ್ಲಿ ಎಲ್ಲರೂ ಹೆದರಿಕೆ ಎನ್ನುತ್ತಿದ್ದರು. ಅದನ್ನು ಕೆಲಸ ಎಂದು ಕರೆದವರು ಮೇಷ್ಟ್ರು ಒಬ್ಬರೇ.

ಅವರ ಉಪಕಾರಗಳು ಸದ್ದು ಮಾಡುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂರಲು ನನಗಾಗದು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಒಂದು ಸೋಮವಾರ ಬಂದು ನೋಡಿದರೆ ನನ್ನ ಮೇಜು ಬಾಗಿಲಿಗೆ ಎದುರಾಗಿ ತಿರುಗಿತ್ತು. ಮೇಷ್ಟ್ರು ಕಿಟಕಿಯ ಗಾಳಿಯ ನೆಪ ಹೇಳಿದರು. ದೊಡ್ಡ ಸಭೆಗಳಿಗೆ ಹೋಗುವಾಗ ನೀರಿನ ಜಗ್ಗನ್ನು ನನ್ನ ಕೈಗೆ ಕೊಡುತ್ತಿದ್ದರು. ನಡುಗುವ ಕೈಗೆ ಒಂದು ಭಾರವಿದ್ದರೆ ಒಳ್ಳೆಯದೆಂದು ಹಾಗೆ ಮಾಡುತ್ತಿದ್ದರೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ತಿದ್ದುವಾಗ ಪೆನ್ಸಿಲ್ಲನ್ನು ಎಷ್ಟು ಹಗುರವಾಗಿ ಒತ್ತುತ್ತಿದ್ದರೆಂದರೆ, ಒಪ್ಪದಿದ್ದರೆ ಬೆರಳಿನಿಂದಲೇ ಒರೆಸಿಹಾಕಬಹುದಿತ್ತು.

ದೊಡ್ಡ ಯಜಮಾನರು ತೀರಿಕೊಂಡ ವರ್ಷ ಅವರ ಮಗಳು, ನಾವು ಚಿಕ್ಕ ಯಜಮಾನಿ ಎನ್ನುತ್ತಿದ್ದವರು, ಆಡಳಿತ ವಹಿಸಿಕೊಂಡರು. ಕಾರ್ಖಾನೆಯ ಯಾವ ಕೋಣೆ ಬೇಕು, ಯಾವುದು ಬೇಡ ಎಂದು ಒಂದೊಂದಾಗಿ ನೋಡುತ್ತ ಬರುತ್ತಿದ್ದರು. ಬರವಣಿಗೆಯನ್ನು ಹೊರಗಿನವರಿಂದ ಪುಟದ ಲೆಕ್ಕದಲ್ಲಿ ಮಾಡಿಸಬಹುದು, ಒಂದು ವಿಭಾಗವೇ ಏಕೆ ಎಂಬುದು ಲೆಕ್ಕದ ಮ್ಯಾನೇಜರ ವಾದ. ವಿಭಾಗ ಮುಚ್ಚಿದರೆ ಮೇಷ್ಟ್ರಿಗೆ ಗೋದಾಮು, ನನಗೆ ಮನೆ ಎಂಬುದು ಆಗಲೇ ಎಲ್ಲರ ಬಾಯಲ್ಲಿತ್ತು. ನಾನು ದುಡಿಯುವುದು ನಿಂತರೆ ಅಮ್ಮನ ಔಷಧಿಯೂ ನಿಲ್ಲುತ್ತಿತ್ತು. ಅದು ಮೇಷ್ಟ್ರಿಗೆ ಗೊತ್ತಿತ್ತು.

ಚಿಕ್ಕ ಯಜಮಾನಿಯೂ ಲೆಕ್ಕದ ಮ್ಯಾನೇಜರೂ ಮಾದರಿ ಕೋಣೆಗೆ ಕಾಲಿಟ್ಟ ಮಧ್ಯಾಹ್ನ ನಾನು ಹೊಸ ಕೈಪಿಡಿಯನ್ನು ಓದುತ್ತಿದ್ದೆ, ಮೇಷ್ಟ್ರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನನ್ನ ದನಿ ನಿಂತದ್ದಕ್ಕೆ ಅವರಿಗೆ ಎಚ್ಚರವಾಯಿತು. ಮೊದಲು ನನ್ನ ಕಡೆ ತಿರುಗಿ "ಎಲ್ಲಿ?" ಎಂದು ಕೇಳಿ, ಆಮೇಲೆ ಬಂದವರನ್ನು ನೋಡಿ ಎದ್ದು ನಿಂತರು.

"ನಾನು ಹೇಳಿದ್ನಲ್ಲ ಮೇಡಂ, ಬರೆಯೋರಿಗೇ ನಿದ್ದೆ ಬರುತ್ತೆ. ಇನ್ನು ಓದೋರ ಗತಿ ಏನು? ಹಾಸಿಗೆ ಕಂಪನಿಗೆ ತಕ್ಕ ಬರವಣಿಗೆನೇ ಬಿಡಿ" ಎಂದರು ಲೆಕ್ಕದ ಮ್ಯಾನೇಜರು.

ಮೇಷ್ಟ್ರು ತಮ್ಮ ರೀತಿಯನ್ನು ವಿವರಿಸಿದರು. ಚಿಕ್ಕ ಯಜಮಾನಿ ನಗಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಹರಡಿದ್ದ ಅವರ ದೃಷ್ಟಿ ಹಾಸಿಗೆಯ ಮೇಲೆ ತುಸು ಹೊತ್ತು ನಿಂತಿತು. "ನಾನೂ ಓದೋಳೇ ತಾನೇ? ನಾನು ಮಲಗ್ತೀನಿ, ಇವರು ಓದಲಿ. ನನಗೆ ನಿದ್ದೆ ಬಂದ್ರೆ ತಿಂಗಳ ಕೊನೆಗೆ ವಿಭಾಗ ಮುಚ್ಚೋಣ. ಒಪ್ಪಿಗೆನಾ ಮೇಷ್ಟ್ರೇ?"

ಮೇಷ್ಟ್ರು ಒಪ್ಪಿಗೆ ಎಂದುಬಿಟ್ಟರು.

ನಾನು ಓದತೊಡಗಿದೆ. ಕೈಪಿಡಿಯಲ್ಲಿ ಒಬ್ಬ ಹೆಂಗಸು ಗಂಡನೊಡನೆ ಅಂಗಡಿಗೆ ಬರುತ್ತಾಳೆ. ಅಂಗೈಯಿಂದ ಒತ್ತುತ್ತಾಳೆ. ಮಲಗಿ ನೋಡಬೇಕೆಂಬ ಆಸೆ, ನಾಲ್ಕು ಜನ ನೋಡಿಯಾರೆಂಬ ನಾಚಿಕೆ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ಗಂಡ ಎಲ್ಲ ತಿಳಿದವನಂತೆ ಹೇಳುವ ಕಡೆ ಚಿಕ್ಕ ಯಜಮಾನಿಯ ತುಟಿಯಂಚು ಅಲುಗಿತು. ನನಗೆ ಸ್ವಲ್ಪ ಜೀವ ಬಂತು. ಪುಟ ತಿರುಗಿಸಿದೆ. ಹತ್ತಿಯ ಪದರ, ಅದರ ದಪ್ಪ. ನಾರಿನ ಪದರ, ಅದರ ಗುಣ. ಅವರ ರೆಪ್ಪೆ ಭಾರವಾಗುವುದನ್ನು ಎಲ್ಲರಿಗಿಂತ ಮೊದಲು ಕಂಡವಳು ನಾನೇ. ದನಿ ತಾನಾಗಿ ಮೇಲೇರಿತು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ರೆಪ್ಪೆ ಮುಚ್ಚಿತು. ಮೇಷ್ಟ್ರು ಬಗ್ಗಿ, ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಆ ಮಾತಿನ ಪಕ್ಕದಲ್ಲೇ ಗುರುತು ಹಾಕಿ, ಮುಂದುವರಿಸು ಎಂದು ಸನ್ನೆ ಮಾಡಿದರು.

ಮಲಗಿದವರ ಮುಂದೆ ಓದುವುದು ವಿಚಿತ್ರವಾದ ಅನುಭವ. ಮಾತುಗಳು ಬಾಯಿಂದ ಹೊರಟು, ಇಳಿಯಲು ಕಿವಿಯಿಲ್ಲದೆ, ಆ ಹತ್ತಿಯ ಎಳೆಗಳ ಜೊತೆ ಬಿಸಿಲಲ್ಲಿ ತೇಲುತ್ತಿರುವಂತೆ ತೋರಿತು. ಗೋಡೆಗೆ ಒರಗಿದ ಹಾಸಿಗೆಗಳೆಲ್ಲ ನಿಂತಲ್ಲೇ ನಿದ್ದೆ ಹೋದಂತಿದ್ದವು. ಕೆಳಗಿನ ಬಸ್ಸುಗಳ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ನಾನು ವಿಭಾಗದ ಕೊನೆಯ ಪುಟವನ್ನು ಓದುತ್ತಿದ್ದೇನೆ ಎಂದುಕೊಂಡೆ, ಆದರೂ ಅದು ಮುಗಿಯದಿರಲಿ ಎಂದು ನಿಧಾನವಾಗಿ ಓದಿದೆ. ಓದು ಮುಗಿದಾಗ ಆ ಮೌನಕ್ಕೇ ಅವರಿಗೆ ಎಚ್ಚರವಾಯಿತು.

ಲೆಕ್ಕದ ಮ್ಯಾನೇಜರು ಗಡಿಯಾರ ನೋಡಿಕೊಂಡರು. ಚಿಕ್ಕ ಯಜಮಾನಿ ಎದ್ದು ಕುಳಿತು ಕೂದಲು ಸರಿಮಾಡಿಕೊಳ್ಳುತ್ತ, ತಮಗೆ ಎಲ್ಲಿ ನಿದ್ದೆ ಬಂತೆಂದು ಕೇಳಿದರು. ನಾನು ಕಾಗದವನ್ನು ಎದೆಗೆ ಅವುಚಿಕೊಂಡಿದ್ದೆ. ತಾವು ಬಹಳ ದಣಿದಿದ್ದಿರಿ ಎಂದು ಮೇಷ್ಟ್ರು ಒಂದು ಮಾತು ಹೇಳಿದ್ದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಚಿಕ್ಕ ಯಜಮಾನಿಯ ಕಣ್ಣುಗಳೇ ಸಾಕ್ಷಿ ನುಡಿಯುತ್ತಿದ್ದವು. ಮೇಷ್ಟ್ರು ನನ್ನ ಕೈಯಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡು ಅವರಿಗೆ ತೋರಿಸಿದರು.

"ಇಲ್ಲಿ. ನಾರಿನ ಪದರದ ಹತ್ರ."

ಅವರು ಆ ಸಾಲನ್ನು ಓದಿಕೊಂಡರು. ಇನ್ನೇನು ವಿಭಾಗ ಮುಚ್ಚುವ ಮಾತು ಬಂದೇ ಬಿಡುತ್ತದೆ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಅದಿರಲಿ. ಆ ಹೆಂಗಸು ಕೊನೆಗೂ ಮಲಗಿ ನೋಡಿದ್ಲಾ, ಇಲ್ವಾ?"

ಮೇಷ್ಟ್ರ ಮುಖದಲ್ಲಿ ಆಗ ಮೂಡಿದ ಬೆಳಕನ್ನು ಬರೆಯಲು ನನಗೆ ಬಾರದು. "ನೋಡಿದ್ಲು. ಆದ್ರೆ ಅದು ಪದರಗಳ ಪುಟ ದಾಟಿದ ಮೇಲೆ ಬರುತ್ತೆ. ಮಧ್ಯೆ ನಾವೇ ಗೋಡೆ ಕಟ್ಟಿಬಿಟ್ಟಿದ್ದೀವಿ" ಎಂದರು.

"ಹಾಗಾದ್ರೆ ಗೋಡೆ ತೆಗೆದು ತನ್ನಿ."

ಲೆಕ್ಕದ ಮ್ಯಾನೇಜರು ಒಪ್ಪಂದವನ್ನು ವಿನಯದಿಂದಲೇ ನೆನಪಿಸಿದರು. ಚಿಕ್ಕ ಯಜಮಾನಿ ಚಪ್ಪಲಿ ಮೆಟ್ಟುತ್ತ, "ನಿಮ್ಮ ವರದಿ ಓದುವಾಗ ನಾನು ಪೂರ್ತಿ ಎಚ್ಚರವಾಗಿರ್ತೀನಿ ಸಾರ್. ಮುಗಿದ ಮೇಲೆ ಮುಂದೇನಾಯ್ತು ಅಂತ ಒಂದು ದಿನಾನೂ ಕೇಳಬೇಕು ಅನ್ನಿಸಿಲ್ಲ" ಎಂದರು. ಮೊದಲು ನಕ್ಕವರು ಮ್ಯಾನೇಜರೇ ಎಂಬುದನ್ನು ಅವರ ಗೌರವಕ್ಕಾಗಿ ಇಲ್ಲಿ ದಾಖಲಿಸುತ್ತೇನೆ.

ಗೋಡೆ ತೆಗೆದ ಬಗೆ ಇಷ್ಟು: ಪದರಗಳ ವಿವರವನ್ನು ನಮ್ಮ ಬಾಯಿಂದ ಕಿತ್ತು ಆ ಹೆಂಗಸಿನ ಬೆನ್ನಿಗೆ ಕೊಟ್ಟೆವು. ಅವಳು ಅಂಗಡಿಯಲ್ಲಿ ಮಲಗುತ್ತಾಳೆ, ಮೇಲೆ ಮೆತ್ತಗಿದೆ, ಒಳಗೇನೋ ಗಟ್ಟಿಯಾಗಿದೆಯಲ್ಲ ಎನ್ನುತ್ತಾಳೆ, ಅವಳು ಕೇಳಿದಷ್ಟಕ್ಕೆ ಅಂಗಡಿಯವನು ಉತ್ತರ ಹೇಳುತ್ತಾನೆ. ಈ ಕೈಪಿಡಿ ಹೊರಬಿದ್ದ ಮೇಲೆ ಜನ ಅದನ್ನು ಕೈಯಲ್ಲಿ ಹಿಡಿದೇ ಮಲಗಿ ನೋಡತೊಡಗಿದರು. ಅಂಗಡಿಯವರೊಬ್ಬರು, ನಿಮ್ಮ ದೆಸೆಯಿಂದ ನಾನು ಅಂಗಡಿಯೊಳಗೆ ಪರದೆ ಕಟ್ಟಿಸಬೇಕಾಯಿತು ಎಂದು ಮೇಷ್ಟ್ರ ಮೇಲೆ ದೂರು ತಂದರು. ಅದೇ ವಾರ ನಮ್ಮ ಕೋಣೆಯ ಬಾಗಿಲಿಗೆ, ಅದುವರೆಗೆ ಇಲ್ಲದಿದ್ದ ಒಂದು ಫಲಕ ಬಂತು: ಬರವಣಿಗೆ ವಿಭಾಗ. ಕಳಿಸಿದವರು ಯಾರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ಮುಂದೆ ಆ ವಿಭಾಗವನ್ನು ನಾನು ನೋಡಿಕೊಳ್ಳಬೇಕಂತೆ. ನನಗೋ ಮನೆಯಲ್ಲೇ ನಿದ್ದೆ ಬರುವುದು ಕಷ್ಟ, ಇನ್ನು ನಾಲ್ಕು ಜನರ ಎದುರು ಕಣ್ಣು ಮುಚ್ಚುವುದು ಹೇಗೆ? ಕಳೆದ ವಾರ ಈ ಚಿಂತೆಯನ್ನು ಅವರ ಮುಂದಿಟ್ಟಾಗ ಮೇಷ್ಟ್ರು ಹೇಳಿದ್ದು ಇಷ್ಟೇ: "ನಿದ್ದೆ ಬರೋರು ಬೇಕಾದಷ್ಟು ಸಿಗ್ತಾರಮ್ಮ. ಎಲ್ಲಿ ಬಂತು ಅಂತ ಮುಚ್ಚಿಡದೆ ಹೇಳೋರು ಬೇಕು. ಅಷ್ಟು ನೀನು ಮಾಡ್ತೀಯ."

ನಿವೃತ್ತಿಯ ಮರುದಿನದಿಂದಲೇ ಅವರು ತಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಕೂರಲಿದ್ದಾರೆ. ಬಾಣಂತಿಯರ ಕೈಗೂ ವಯಸ್ಸಾದವರ ಕೈಗೂ ಕೊಡುವ ಸೂಚನೆಗಳನ್ನು ಹೊಸದಾಗಿ ಬರೆದುಕೊಡುತ್ತಾರಂತೆ. "ಅಲ್ಲೂ ಹೋಗಿ ಮಲಗ್ತಾರೆ, ಯಾರಾದ್ರೂ ರೋಗಿ ಅಂದ್ಕೊಂಡು ಇಂಜೆಕ್ಷನ್ ಚುಚ್ಚಿಬಿಟ್ರೆ ಗತಿಯೇನು" ಎಂದು ಅವರ ಮನೆಯವರು ನನ್ನ ಹತ್ತಿರ ಹೇಳಿ ನಕ್ಕರು. ಓದದೆ ಮಡಚಿಟ್ಟ ಕಾಗದಗಳು ಈ ಊರಿನ ಮನೆಮನೆಯಲ್ಲೂ ಮೇಷ್ಟ್ರ ಪೆನ್ಸಿಲಿಗಾಗಿ ಕಾದು ಕುಳಿತಿವೆ. ಅವೆಲ್ಲ ತಿದ್ದಿ ಮುಗಿಯುವವರೆಗೆ ಅವರಿಗೆ ಆಯುಸ್ಸೂ ಆರೋಗ್ಯವೂ ಇರಲಿ. ಅವು ಬೇಗ ಮುಗಿಯದಿರಲಿ.