ಬಿರಾದಾರನ ಚಪ್ಪಾಳೆ

ಬಿರಾದಾರ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಒಂದು ಚಪ್ಪಾಳೆ ಹೊಡೆಯುತ್ತಿದ್ದ. ಕೊಲ್ಲಿ ನಾಡಿನಲ್ಲಿ, ಖುರುಮ್‌ನ ನಮ್ಮ ಆಫೀಸಿನ ಪಾರ್ಕಿಂಗ್ ಇರಲಿ, ಹೋಟೆಲಿನ ಲಾಬಿ ಇರಲಿ, ಕತ್ತು ಮೇಲೆತ್ತಿ ಚಟ್ಟನೆ ಒಂದು. ಆಮೇಲೆ ಮುಖ ಸಿಂಡರಿಸಿ, ‘ಏನೂ ದಮ್ ಇಲ್ಲರೀ’ ಎನ್ನುತ್ತಿದ್ದ. ವಿಜಾಪುರದವನು, ಗೋಳಗುಮ್ಮಟದ ಪಕ್ಕದಲ್ಲೇ ಬೆಳೆದವನು. ಒಂದು ಸದ್ದಿಗೆ ಏಳು ಸಲ ಓಗೊಡದ ಕಟ್ಟಡ ಅವನ ಪಾಲಿಗೆ ಬರೀ ಗೋದಾಮು. ನಾನು ಮೈಸೂರಿನ ಅರಮನೆಯ ಮಾತೆತ್ತಿದರೆ ಮುಗುಳ್ನಗುತ್ತಿದ್ದ. ಆ ನಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಇಂಥವನ ಜೊತೆ ಇಸ್ಫಹಾನಿಗೆ ಹೋದದ್ದು ನನ್ನ ಗ್ರಹಚಾರ. ಕಟ್ಟಡಗಳ ನಕ್ಷೆ ಬಿಡಿಸುವ ನನಗೆ ಆ ಊರು ನೋಡುವುದು ಎಷ್ಟೋ ವರ್ಷದ ಆಸೆ. ಈದ್ ರಜೆ ಸಿಕ್ಕಿದ್ದು ನಾಲ್ಕೇ ದಿನ. ಮೂವತ್ಮೂರು ಕಮಾನಿನ ಸೇತುವೆಯ ಮೇಲೆ ನಾನು ಮೈಮರೆತು ನಿಂತರೆ ಅವನು ಒಣಗಿದ ನದಿ ನೋಡಿ, ‘ನೀರಿಲ್ಲದ ಹೊಳಿಗೆ ಇಷ್ಟೆಲ್ಲಾ ಯಾಕ ಬೇಕಿತ್ರಿ’ ಎಂದ. ಮಸೀದಿಗಳ ನೀಲಿ ಹೆಂಚು ಅವನ ಕಣ್ಣಿಗೆ ಬಾತ್‌ರೂಮಿನ ಟೈಲ್ಸು.

ಮೂರನೆಯ ದಿನ ದೊಡ್ಡ ಮಸೀದಿಗೆ ಹೋದೆವು. ಗುಮ್ಮಟದ ಕೆಳಗೆ, ಸದ್ದು ಮಾರ್ದನಿಸುವ ನಟ್ಟನಡುವಿನ ಕಲ್ಲಿನ ಮೇಲೆ ಮುದುಕನೊಬ್ಬ ನಮಗೆ ಬೆನ್ನು ಹಾಕಿ ಹಾಡುತ್ತಿದ್ದ. ಗೋಳಗುಮ್ಮಟದಲ್ಲಿ ಗೈಡು ಒಂದು ಸಾಲು ಹಾಡಿದರೆ ಜನರೆಲ್ಲ ಕೂಗಿ, ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡುವುದು ವಾಡಿಕೆಯಂತೆ. ಬಿರಾದಾರ ಇವನೂ ಗೈಡೇ ಎಂದುಕೊಂಡ. ಎರಡೂ ಕೈ ಎತ್ತಿ ಹೊಡೆದು, ‘ಒಂದ್, ಎರಡ್’ ಎಂದು ಎಣಿಸತೊಡಗಿದ. ಹಾಡು ನಿಂತಿತು. ಮುದುಕ ತಿರುಗಿದಾಗ ಅವನ ಕೈಯಲ್ಲಿ ಹುಡುಗನೊಬ್ಬನ ಫೋಟೊ ಇತ್ತು. ಅದನ್ನು ಕೋಟಿನೊಳಗೆ ಇಟ್ಟುಕೊಂಡು ಹೊರಟುಹೋದ. ಯುದ್ಧದಲ್ಲಿ ಸತ್ತ ಮಗ ಎಂದು ಕಾವಲುಗಾರ ಹರಕು ಇಂಗ್ಲಿಷಿನಲ್ಲಿ ಹೇಳಿದ.

ಓಡಿಹೋಗಿ ಕ್ಷಮೆ ಕೇಳು ಎಂದು ನಾನು ದುಂಬಾಲು ಬಿದ್ದೆ. ಬಿರಾದಾರ ಶೂ ಲೇಸು ಕಟ್ಟುತ್ತ ಕೂತ. ಅಷ್ಟರಲ್ಲಿ ಮುದುಕ ಮಸೀದಿಯ ಮುಂದಿನ ಚೌಕದ ಗದ್ದಲದಲ್ಲಿ ಕಾಣೆಯಾದ. ಇಸ್ಫಹಾನ್ ಎಂದರೆ ನನಗೆ ಈಗಲೂ ನೆನಪಾಗುವುದು ಅದೊಂದೇ ಚಪ್ಪಾಳೆ. ಅದಕ್ಕಾಗಿ ನಾನು ಅವನನ್ನು ಕ್ಷಮಿಸಿಲ್ಲ.

ಸೇಡನ್ನೂ ತೀರಿಸಿಕೊಂಡೆ. ನಮ್ಮವರೇ ಹೆಚ್ಚಾಗಿದ್ದ ಅಲ್ ಅಜೈಬಾ ಬಡಾವಣೆಯ ಯಾವ ಮನೆಗೆ ಊಟಕ್ಕೆ ಹೋದರೂ ಈ ಕಥೆಯನ್ನು ಚಪ್ಪಾಳೆ ಸಮೇತ ಅಭಿನಯಿಸಿ ತೋರಿಸುತ್ತಿದ್ದೆ, ಅದೂ ಅವನ ಎದುರಿಗೇ. ಬರುಬರುತ್ತ ಅವನು ಊಟಗಳಿಗೆ ಬರುವುದನ್ನು ಬಿಟ್ಟ. ಪಾರ್ಕಿಂಗಿನಲ್ಲಿ ಚಪ್ಪಾಳೆ ಹೊಡೆಯುವುದನ್ನೂ ಬಿಟ್ಟಿದ್ದ.

ಕೆಲಸ ಬಿಟ್ಟು ಊರಿಗೆ ಹೊರಟ ದಿನ ನನ್ನ ಮೇಜಿನ ಹತ್ತಿರ ಬಂದ.

‘ಮರುದಿನ ನೀವು ಬಜಾರಕ್ಕ ಹೋದ್ರಿ. ನಾ ಮತ್ತ ಮಸೀದಿಗೆ ಹೋಗಿದ್ದೆ. ಸಂಜೀತನಕ ಆ ಕಲ್ಲಿನ ಬಾಜೂ ಕುಂತಿದ್ದೆ. ಮುದುಕ ಬರಲಿಲ್ಲ. ಇನ್ನ ಮ್ಯಾಲೆ ಕಥಿ ಹೇಳುವಾಗ ಇದನ್ನೂ ಸೇರಿಸಿ ಹೇಳ್ರಿ.’

ಕೈ ಕುಲುಕದೆ ಹೋದ. ಮತ್ತೆ ಅವನನ್ನು ನೋಡಲಿಲ್ಲ.

ಮುಂದಿನ ಶುಕ್ರವಾರ ಗೆಳೆಯರೊಬ್ಬರ ಮನೆಯಲ್ಲಿ ಬಿರಾದಾರನ ಕಥೆ ಹೇಳಿ ಎಂದರು. ಹೇಳಿದೆ. ಚಪ್ಪಾಳೆಯವರೆಗೆ ಹೇಳಿ ನಿಲ್ಲಿಸಿದೆ. ಎಲ್ಲರೂ ನಕ್ಕರು.