ನನ್ನ ಮನೆಯ ಖರಾಬು

ಮೊನ್ನೆ ಗುರುವಾರ ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಂದು ಬುಟ್ಟಿ ಸೀತಾಫಲ ಬಂದು ಕೂತಿತು. ಬುಟ್ಟಿಯ ಯಜಮಾನಿ ಮಾತ್ರ ಕಂಬಿ ಹಿಡಿದು ನಿಂತಿದ್ದಳು. ನಾನು ಎದ್ದು ಆಕೆಗೆ ಜಾಗ ಬಿಡಬೇಕಿತ್ತೇನೋ. ಆದರೆ ಇನ್ನೇನು ಬಿರಿಯುತ್ತದೆ ಅನ್ನುವ ಹೊತ್ತಿನ ಸೀತಾಫಲದ ವಾಸನೆ ನಿಮಗೂ ಗೊತ್ತಲ್ಲ, ಅದನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ.

"ತೋಟದ್ದೇನಮ್ಮಾ?" ಎಂದೆ.

"ತೋಟ ಯಾರಿಗೈತೆ ಸ್ವಾಮಿ, ಗುಡ್ಡದ ಖರಾಬಿಂದು. ಯಾರೂ ನೆಟ್ಟಿದ್ದಲ್ಲ, ಅದ್ಕೇ ರುಚಿ" ಅಂದಳು.

ಖರಾಬು! ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಹೊರಟಿದ್ದ ಕೆಲಸ ನೆನಪಾಯಿತು. ಒಂದಷ್ಟು ಹಣ್ಣು ಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ಬರಿಗೈಯಲ್ಲಿ ಹೋಗಿ ಬೈಸಿಕೊಳ್ಳುವುದಕ್ಕಿಂತ ಹಣ್ಣು ಹಿಡಿದು ಹೋಗಿ ಬೈಸಿಕೊಳ್ಳುವುದು ಮೇಲು.

ಕೆಲಸ ಇಷ್ಟೇ. ನಮ್ಮ ಕವಿ ದಸ್ತಗೀರ್ ಸಾಹೇಬರ ಎಲ್ಲ ಕವಿತೆಗಳನ್ನೂ ಒಟ್ಟು ಮಾಡಿ ಗೆಳೆಯರೆಲ್ಲ ಸೇರಿ ಪುಸ್ತಕ ಮಾಡಿದ್ದೇವೆ. ಭಾನುವಾರ ತರೀಕೆರೆಯಲ್ಲಿ ಬಿಡುಗಡೆ. ಸಾಹೇಬರು ಒಂದೇ ಮಾತು ಹೇಳಿಬಿಟ್ಟಿದ್ದರು: "ನಮ್ಮನೆಯವಳು ಬಂದ್ರೆ ಬತ್ತೀನಿ. ಇಲ್ಲಾಂದ್ರೆ ನೀವೇ ಬಿಡುಗಡೆ ಮಾಡ್ಕಳಿ." ಅವರ ಹೆಂಡತಿ ಜೈತೂನ್ ಆಪಾ ಕವಿತೆಯ ಸಭೆಗೆ ಕಾಲಿಡದೆ ಎಷ್ಟೋ ಕಾಲವಾಗಿದೆ. ಅವರನ್ನು ಒಪ್ಪಿಸುವ ಭಾರವನ್ನು ಗೆಳೆಯರು ನನ್ನ ತಲೆಗೆ ಕಟ್ಟಿದ್ದರು. ಆಗದ ಕೆಲಸಗಳು ನನಗೆ ಬರುವುದು ಮೊದಲಿನಿಂದಲೂ ರೂಢಿ.

ಸಾಹೇಬರು ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದರು, ನಾನು ಅದೇ ಕಚೇರಿಯ ಗುಮಾಸ್ತ. ಕುರ್ಚಿಯಲ್ಲಿ ಕೂತು ಬೇಸರವಾದಾಗ ಏನಾದರೂ ನೆಪ ಹೇಳಿ ಅವರ ಹಿಂದೆ ಅಳತೆಗೆ ಹೋಗುತ್ತಿದ್ದೆ. ಅವರು ಸರಪಳಿ ಎಳೆಸುತ್ತಲೇ ಪದ್ಯ ಕಟ್ಟುವರು. ಒಂದು ಸಲ ಕೆಮ್ಮಣ್ಣುಗುಂಡಿಯ ಕೆಳಗೆ ಮಂಜು ಮುಸುಕಿ ಎದುರಿನ ಕಲ್ಲೇ ಕಾಣದಾಯಿತು. ಜಮೀನಿನವನು ಚಡಪಡಿಸುತ್ತಿದ್ದರೆ ಸಾಹೇಬರು ಬಂಡೆಯ ಮೇಲೆ ಕೂತು, "ಏನ್ರೀ ಗುಮಾಸ್ತರೇ, ಈ ಮಂಜನ್ನ ಯಾವ ಸರ್ವೆ ನಂಬರಿಗೆ ಸೇರಿಸ್ತೀರಿ?" ಅಂದರು. ಆ ಸಂಜೆಗೆ ಅದು ಕವಿತೆಯಾಗಿತ್ತು. ಎಲ್ಲೆಕಲ್ಲಿನ ಮೇಲೆ ಹತ್ತಿ ಎರಡೂ ಹೊಲ ನೋಡಿ ಇಳಿದುಹೋಗುವ ಇರುವೆಯ ಮೇಲೂ ಒಂದು ಬರೆದಿದ್ದಾರೆ. ನೆಲವನ್ನು ಅಳೆದೂ ಅಳೆದೂ, ಅಳತೆಗೆ ಸಿಗದ್ದರ ಮೇಲೆ ಅವರಿಗೆ ಮೋಹ ಹುಟ್ಟಿತ್ತು.

ಅದರಲ್ಲೂ ಖರಾಬಿನ ಮೇಲೆ. ಜಮೀನಿನ ಸಹವಾಸವಿಲ್ಲದವರಿಗೆ ಹೇಳುತ್ತೇನೆ: ಹೊಲ ಅಳೆಯುವಾಗ ಅದರೊಳಗೆ ಬಂಡೆ, ಹಳ್ಳ, ಪೊದೆ ಅಂತ ಉಳುಮೆಗೆ ಬಾರದ ಜಾಗ ಇರುತ್ತದಲ್ಲ, ಅದನ್ನು ಖರಾಬು ಎಂದು ಬರೆದು ಕಳೆದುಬಿಡುತ್ತಾರೆ. ಅದಕ್ಕೆ ಕಂದಾಯವಿಲ್ಲ. ಆದರೆ ನೆರಳು ಇರುವುದು ಅಲ್ಲೇ. ಲಿಂಗದಹಳ್ಳಿ ಕಡೆಯಿರಲಿ, ಅಜ್ಜಂಪುರದ ಎರೆ ಹೊಲವಿರಲಿ, ಮಧ್ಯಾಹ್ನ ನಾವು ಬುತ್ತಿ ಬಿಚ್ಚುತ್ತಿದ್ದದ್ದು ಖರಾಬಿನಲ್ಲೇ. ಸೀತಾಫಲದ ಕಾಲದಲ್ಲಿ ಸಾಹೇಬರು ಅಲ್ಲಿಂದ ಹಣ್ಣು ಕಿತ್ತು ರುಮಾಲಿನಲ್ಲಿ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ಅವರಿಗೆ ಹೆಸರು ತಂದ ಕವಿತೆಯೂ ಅದರದ್ದೇ:

ಅಳೆದೆ ಊರೂರ ಹೊಲ, ಬರೆದೆ ಅವರವರ ಪಾಲು,
ಅಳತೆ ಮುಗಿದರೂ ಉಳಿದೆ ನೀನು.
ಕಂದಾಯವಿಲ್ಲದ ನೆಲವೇ, ನನ್ನ ಮನೆಯ ಖರಾಬೇ,
ನಿನ್ನಲ್ಲೇ ನನ್ನ ಬಿಡುವು.

ಇದನ್ನು ಕಡೂರಿನ ಒಂದು ಸಭೆಯಲ್ಲಿ ಅವರು ಮೊದಲ ಸಲ ಓದಿದಾಗ ಚಪ್ಪಾಳೆಯೋ ಚಪ್ಪಾಳೆ. ಸಭೆಯ ತುಂಬ ಹೊಲಮನೆ ಇದ್ದವರೇ. ಆಮೇಲೆ ವಿದ್ವಾಂಸರು ಹಿಡಿದುಕೊಂಡರು. ಖರಾಬು ಎಂದರೆ ಶೂನ್ಯ ಎಂದರು ಒಬ್ಬರು, ಮಾಯೆ ಎಂದರು ಇನ್ನೊಬ್ಬರು. ನಾನೇನು ಕಡಿಮೆಯೇ, ಅಮೃತಾಪುರದಲ್ಲಿ ಮೈಕು ಸಿಕ್ಕಾಗ ಅದು ನಿರ್ಗುಣ ಬ್ರಹ್ಮ ಎಂದು ಗಂಟಲು ಹರಿಯುವವರೆಗೆ ವಾದಿಸಿದೆ. ಕೆಳಗಿಳಿದ ಮೇಲೆ ಸಾಹೇಬರು ನನ್ನ ಭುಜ ತಟ್ಟಿ, "ಬ್ರಹ್ಮ ಅಲ್ಲ ಕಣ್ರೀ, ನಮ್ಮನೆಯವಳು" ಅಂದರು. ಕವಿಗಳು ಹಾಸ್ಯ ಮಾಡುತ್ತಿರುತ್ತಾರೆ ಎಂದುಕೊಂಡು ನಕ್ಕು ಸುಮ್ಮನಾಗಿದ್ದೆ.

ಗುರುವಾರ ನಾನು ಅವರ ಮನೆಗೆ ಹೋದಾಗ ಸಾಹೇಬರು ಬೇಕರಿಗೆ ಹೋಗಿದ್ದರು. ಆಪಾ ಬಾಗಿಲಲ್ಲೇ, "ಬಾರಪ್ಪಾ. ಭಾನುವಾರದ ಮಾತಾದ್ರೆ ಮಾತ್ರ ಬೇಡ. ನಕ್ಕೋ" ಎಂದರು. ಅವರ ಮನೆಮಾತು ದಖನಿ. ನನ್ನೊಡನೆ ಕನ್ನಡವಾಡಿದರೂ ಬೇಡ ಎನ್ನುವುದನ್ನು ಎರಡೂ ಭಾಷೆಯಲ್ಲಿ ಹೇಳುತ್ತಾರೆ.

ಚಹಾ ಬಂತು. ನಾನು ಪುಸ್ತಕದ ಅಂದಚಂದ ವರ್ಣಿಸಿದೆ, ಮುಂದಿನ ಸಾಲಿನ ಕುರ್ಚಿಯ ಆಸೆ ತೋರಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಸೋತು, "ಅಲ್ಲಾ ಆಪಾ, ಇಷ್ಟು ವರ್ಷ ಒಂದ್ ಸಭೆಗೂ ಬರದಂಥದ್ದು ಏನಾಯ್ತು?" ಎಂದು ಕೇಳಿದೆ.

ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಕಡೂರಿಗೆ ಹೊಸ ಸೀರೆ ಉಟ್ಕಂಡ್ ಹೋಗಿದ್ದೆ ಕಣಪ್ಪಾ. ಅಷ್ಟು ಜನದ ಮುಂದೆ ನಿಂತ್ಕಂಡು, ನನ್ನ ಮನೆಯ ಖರಾಬೇ ಅಂದ್ರು. ಮೇರೆ ಘರ್ ಕೀ ಖರಾಬ್! ಜನ ಎಲ್ಲ ಚಪ್ಪಾಳೆ ತಟ್ಟಿದ್ರು. ಹಾಲು ಒಡೆದ್ರೆ ಖರಾಬ್ ಅಂತೀವಿ, ತರಕಾರಿ ಕೊಳೆತ್ರೆ ಖರಾಬ್ ಅಂತೀವಿ. ನಾನೇನು ಕೆಟ್ಟೋಗಿದ್ದೆ, ಹೇಳು?"

ಚಹಾ ನೆತ್ತಿಗೇರಿತು. ಕೆಮ್ಮುತ್ತ ಕೆಮ್ಮುತ್ತಲೇ ನನಗೆ ಎಲ್ಲ ಹೊಳೆಯಿತು. ಮನೆಯಲ್ಲಿ ಹಾಲು ಒಡೆದರೆ ಸಾಹೇಬರೂ ಖರಾಬ್ ಅನ್ನುವವರೇ. ಆದರೆ ಸರಪಳಿಯ ಚೀಲ ಹೆಗಲಿಗೇರಿದರೆ ಅದೇ ಬಾಯಿಗೆ ಅದೇ ಮಾತು ಬಂಡೆ, ನೆರಳು, ಸೀತಾಫಲ ಆಗುತ್ತಿತ್ತು. ಎರಡು ಖರಾಬುಗಳು ಒಂದೇ ಮನೆಯಲ್ಲಿ ಒಂದನ್ನೊಂದು ನೋಡದೆ ಸಂಸಾರ ಮಾಡಿದ್ದವು. ಹೆಂಡತಿಗೆ ಕವಿತೆ ಹಿಡಿಸದು ಎಂದುಕೊಂಡು ಇವರು ಮನೆಯಲ್ಲಿ ಓದುವುದನ್ನೇ ಬಿಟ್ಟರು. ನಿರ್ಗುಣ ಬ್ರಹ್ಮನವರೆಗೆ ಹೋಗಿಬಂದ ನಾನು ಈ ಹೊಸಿಲಿನವರೆಗೆ ಬಂದಿರಲಿಲ್ಲ.

"ಅಯ್ಯೋ ಆಪಾ, ಅದು ಆ ಖರಾಬ್ ಅಲ್ಲ, ನೆಲದ ಖರಾಬು!" ಎಂದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಸಾಹೇಬರು ಬನ್ನಿನ ಪೊಟ್ಟಣ ಹಿಡಿದು ಒಳಗೆ ಬಂದರು. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಆಪಾ, "ಏನ್ರೀ, ಖರಾಬು ಅಂದ್ರೆ ಏನು?" ಎಂದು ಕೇಳಿದರು.

ಸಾಹೇಬರು ಕಚೇರಿಯಲ್ಲಿ ಉತ್ತರ ಕೊಟ್ಟ ಹಾಗೆ ಕೊಟ್ಟರು: "ಬಂಡೆ, ಹಳ್ಳ, ಗಿಡಗಂಟಿ. ಉಳೋ ಹಂಗಿಲ್ಲ, ಕಂದಾಯ ಇಲ್ಲ. ಯಾಕೆ?"

"ಮತ್ತೆ ನನ್ನನ್ನ ಯಾಕೆ ಹಂಗಂದ್ರಿ?"

ಅವರು ಪೊಟ್ಟಣ ಹಿಡಿದೇ ನಿಂತರು. ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ, ಇದು ಗೊತ್ತಿಲ್ಲದವರೂ ಇದ್ದಾರೆಯೇ ಎಂಬಂತೆ, "ಅಲ್ಲೇ ಅಲ್ವೇನೇ ಊಟಕ್ಕೆ ಕೂರೋದು? ದಿನಾ ಬಿಸಿಲಲ್ಲಿ ಅಳೆದೂ ಅಳೆದೂ, ಅಲ್ಲಿಗೆ ಬಂದ್ರೆ ತಂಪು. ಇನ್ನೇನಂತಾರೆ ಅದಕ್ಕೆ?" ಎಂದರು.

ಆಪಾ ನನ್ನ ಚೀಲದಿಂದ ಒಂದು ಹಣ್ಣು ತೆಗೆದು ಮೂಸಿದರು. "ಇದೂ ಅಲ್ಲೀದೇನಾ?" ನಾನು ಹೌದೆಂದು ತಲೆಯಾಡಿಸಿದೆ. "ಆಗೆಲ್ಲ ರುಮಾಲಲ್ಲಿ ಕಟ್ಕಂಡ್ ತರ್ತಿದ್ರಲ್ಲ, ಅದೂ?"

"ಹೂಂ ಕಣೇ. ಎಲ್ಲ ಖರಾಬಿಂದೇ."

"ಒಂದ್ ಮಾತು ಮನೇಲಿ ಕೇಳಿ ಬರೀಬಾರ್ದಿತ್ತಾ!" ಎಂದು ಗದರಿದರು. ಗದರುತ್ತಲೇ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು. ಸಾಹೇಬರು ಮೆಲ್ಲಗೆ ಕೂತು ಒಂದು ಬನ್ನು ಮುರಿದು ಅವರ ಕೈಗಿಟ್ಟರು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಷ್ಟು ಹಗುರವಾಯಿತು, ಆ ಕಲ್ಲು ನನ್ನದಲ್ಲದಿದ್ದರೂ.

ಹೊರಡುವಾಗ ಆಪಾ ಬಾಗಿಲವರೆಗೂ ಬಂದರು. "ಮುಂದಿನ ಸಾಲು ಅಂದ್ಯಲ್ಲ, ಜಾಗ ಇಟ್ಟಿರು. ಖರಾಬು ಬತ್ತೈತೆ ಅಂತ ಹೇಳು" ಎಂದರು.

ಇದನ್ನು ಬರೆಯುತ್ತಿರುವುದು ಶನಿವಾರ ಸಂಜೆ. ಕುರ್ಚಿಗಳಿಗೆ ಗಣ್ಯರ ಹೆಸರಿನ ಚೀಟಿ ಅಂಟಿಸುವ ಕೆಲಸವೂ ನನಗೇ ಬಂದಿತ್ತು, ಮುಗಿಸಿ ಬಂದೆ. ಮುಂದಿನ ಸಾಲಿನ ನಡುವಿನ ಒಂದು ಕುರ್ಚಿಗೆ ಮಾತ್ರ ಏನೂ ಅಂಟಿಸದೆ ಬಿಟ್ಟಿದ್ದೇನೆ, ಖರಾಬಿಗೆ ಯಾರ ಹೆಸರೂ ಹಾಕುವ ಪದ್ಧತಿಯಿಲ್ಲ. ಯಾರಾದರೂ ಗಣ್ಯರು ಅಲ್ಲಿ ಕೂತುಬಿಟ್ಟರೆ ಎಬ್ಬಿಸಲು ನಾನು ಪಕ್ಕದಲ್ಲೇ ನಿಂತಿರುತ್ತೇನೆ.